ಮಾಸ್ ಎಫೆಕ್ಟ್ 2ರ ‘ಸೂಯಿಸೈಡ್ ಮಿಷನ್’: ಹೆಡ್‌ಫೋನ್ ಹಾಕಿಕೊಂಡೇ ಕೇಳಿ

ಮಾಸ್ ಎಫೆಕ್ಟ್ 2 ವಿಡಿಯೊ ಗೇಮ್‌ನ ಸೌಂಡ್‌ಟ್ರ್ಯಾಕ್‌ನಲ್ಲಿ ಒಂದೇ ಒಂದು ಟ್ರ್ಯಾಕ್ ಕೇಳುವಷ್ಟು ಪುರುಸೊತ್ತಿದ್ದರೆ, ಅದು ಸಂಗೀತ ಸಂಯೋಜಕ ಜ್ಯಾಕ್ ವಾಲ್ ಅವರ ‘ಸೂಯಿಸೈಡ್ ಮಿಷನ್’ ಆಗಿರಲಿ. ಗೇಮ್ ಬಂದಿದ್ದು 2010ರಲ್ಲಿ. ಇವತ್ತಿಗೂ ಇದನ್ನು ಕೇಳಿದರೆ ಮೈ ಜುಮ್ ಅನ್ನುತ್ತೆ.

ಕೆನಡಾದ ಬಯೋವೇರ್ ಮಾಡಿದ ಗೇಮ್ ಇದು. 2007ರ ಮೊದಲ ಭಾಗದಲ್ಲಿ ಸಂಗೀತ ಹೆಚ್ಚಾಗಿ ಸಿಂಥಸೈಜರ್ ಮೇಲೇ ನಿಂತಿತ್ತು, ಎಂಬತ್ತರ ದಶಕದ ಸೈನ್ಸ್ ಫಿಕ್ಷನ್ ಸಿನಿಮಾಗಳ ಗುಂಗು. ಎರಡನೇ ಭಾಗಕ್ಕೆ ಆರ್ಕೆಸ್ಟ್ರಾ ಪಾಲು ಜಾಸ್ತಿ ಆಯ್ತು. ನನ್ನ ಪ್ರಕಾರ ಎರಡೂ ಹದವಾಗಿ ಬೆರೆತಿರುವುದು ಇಲ್ಲೇ. ಕೆಳಗೆ ಸಿಂಥ್ ಮಿಡಿತ ಶ್ರುತಿ ಪೆಟ್ಟಿಗೆಯ ಹಾಗೆ ಹಿಡಿದುಕೊಂಡಿರುತ್ತೆ. ಅದರ ಮೇಲೆ ವಯಲಿನ್, ಚೆಲ್ಲೋಗಳು ಚಿಕ್ಕ ಚಿಕ್ಕ ಸ್ವರಗಳನ್ನು ಕತ್ತರಿಸಿ ಕತ್ತರಿಸಿ ನುಡಿಸುತ್ತಾ ಬರುತ್ತವೆ, ಆಮೇಲೆ ಡ್ರಮ್ಸ್, ಆಮೇಲೆ ಹಿತ್ತಾಳೆ ವಾದ್ಯಗಳು. ಅವು ಮುಖ್ಯ ಧಾಟಿಯನ್ನು ಎತ್ತಿಕೊಂಡಾಗ ಎದ್ದು ನಿಲ್ಲಬೇಕು ಅನಿಸುತ್ತೆ.

ಆದರೆ ನನಗೆ ಇಷ್ಟವಾಗುವುದು ಆ ಅಬ್ಬರವಲ್ಲ, ಅದಕ್ಕೂ ಮುಂಚಿನ ಕಾಯಿಸುವಿಕೆ. ವಾಲ್ ಅವಸರ ಮಾಡುವುದಿಲ್ಲ. ಈಗ ಬಂತು, ಈಗ ಬಂತು ಅನ್ನುವಾಗ ಇನ್ನೂ ಸ್ವಲ್ಪ ತಡೆಯುತ್ತಾರೆ. ಆರ್ಕೆಸ್ಟ್ರಾ ಧೈರ್ಯ ಹೇಳುತ್ತಿದ್ದರೆ ಸಿಂಥ್ ಹೆದರಿಸುತ್ತಲೇ ಇರುತ್ತೆ, ಎರಡರಲ್ಲಿ ಯಾವುದನ್ನು ನಂಬಬೇಕು ಅಂತ ಗೊತ್ತಾಗುವುದಿಲ್ಲ.

ಈ ಸಂಗೀತ ಬರುವ ಗೇಮ್‌ನ ಕೊನೆಯ ಕಾರ್ಯಾಚರಣೆಯಲ್ಲೂ ಪರಿಸ್ಥಿತಿ ಹಾಗೇ ಇರುತ್ತೆ ಅಲ್ವಾ. ಒಮೆಗಾ 4 ರಿಲೇ ಎಂಬ ಬಾಹ್ಯಾಕಾಶದ ಹೆಬ್ಬಾಗಿಲು ದಾಟಿ, ಕಲೆಕ್ಟರ್‌ಗಳೆಂಬ ಶತ್ರು ಅನ್ಯಗ್ರಹಜೀವಿಗಳ ನೆಲೆಗೆ ನುಗ್ಗುತ್ತೀರಿ. ಅಷ್ಟು ಹೊತ್ತು ಕೂಡಿಸಿಕೊಂಡ ತಂಡದಲ್ಲಿ ಯಾರು ಉಳಿಯುತ್ತಾರೆ ಅನ್ನುವುದು ನಿಮ್ಮ ಆಯ್ಕೆಗಳ ಮೇಲೆ ನಿಂತಿದೆ. ತಂಡದ ತಂತ್ರಜ್ಞೆ ಟಾಲಿಯನ್ನು ಬಿಸಿ ಕೊಳವೆಯೊಳಗೆ ಕಳಿಸುತ್ತೀರಿ, ನೀವು ಹೊರಗೆ ಗುಂಡು ಹಾರಿಸುತ್ತಾ ಒಂದೊಂದೇ ವಾಲ್ವ್ ತೆಗೆದು ದಾರಿ ಬಿಡಿಸಬೇಕು. ಅವಳು ಸರಿಯಾದ ಆಯ್ಕೆಯೇ. ಆದರೂ ಬೇರೆ ದಾರಿಯಲ್ಲಿ ಹೊರಟ ಇನ್ನೊಂದು ತಂಡಕ್ಕೆ ತಪ್ಪು ನಾಯಕನನ್ನು ಹಾಕಿದ್ದರೆ, ಕೊನೆಯಲ್ಲಿ ಬಾಗಿಲು ಮುಚ್ಚುವ ಹೊತ್ತಿಗೆ ಅವಳ ಜೀವ ಹೋಗುತ್ತೆ. ಹಾಡು ಹೇಳಿ ನಗಿಸಿದ ಡಾಕ್ಟರ್ ಮಾರ್ಡಿನ್‌ನನ್ನು ಕಾವಲಿಗೆ ಹಿಂದೆ ಬಿಟ್ಟರೆ ಅವನಿಗೂ ಅಪಾಯ ಜಾಸ್ತಿ. ನೀವು ಆಡುವ ಪಾತ್ರ ಕಮಾಂಡರ್ ಶೆಪರ್ಡ್ ಕೂಡ ಸಾಯಬಹುದು. ಇದೆಲ್ಲ ತಲೆಯಲ್ಲಿ ಇಟ್ಟುಕೊಂಡು ಕೇಳಿದಾಗ ಆ ಮಿಡಿತ ಸುಮ್ನೆ ಹಿನ್ನೆಲೆ ಸದ್ದಾಗಿ ಉಳಿಯುವುದಿಲ್ಲ, ಎದೆಗೇ ಬಂದು ಕೂರುತ್ತೆ.

ಕೊರತೆ ಇಲ್ಲವೇ? ಇದೆ. ಆಡುವಾಗ ಗುಂಡಿನ ಸದ್ದು, ಮಾತುಗಳ ನಡುವೆ ಅರ್ಧ ಸಂಗೀತ ಮುಳುಗಿ ಹೋಗುತ್ತೆ. ಅದಕ್ಕೇ ಆಲ್ಬಮ್‌ನಲ್ಲಿ ಪೂರ್ತಿ ಟ್ರ್ಯಾಕ್ ಬೇರೆಯಾಗಿ ಕೇಳಬೇಕು. ಫೋನ್ ಸ್ಪೀಕರ್‌ನಲ್ಲಿ ಮಾತ್ರ ದಯವಿಟ್ಟು ಬೇಡ. ಕೆಳಗಿನ ಸಿಂಥ್ ಪೂರ್ತಿ ಮಾಯವಾಗಿ ಬರೀ ಡ್ರಮ್ಸ್, ತುತ್ತೂರಿ ಉಳಿಯುತ್ತೆ, ಆಗ ಇದು ಯಾವುದೋ ಟ್ರೇಲರ್ ಸಂಗೀತದ ಹಾಗೆ ಕೇಳಿಸುತ್ತೆ. ಸಾಧಾರಣ ಹೆಡ್‌ಫೋನ್ ಇದ್ದರೂ ಸಾಕು.

ಇನ್ನೂ ಆಡದವರಿಗೆ ಒಂದು ಮಾತು. ಮೊದಲು ಗೇಮ್ ಆಡಿ, ಆಮೇಲೆ ಆಲ್ಬಮ್ ಕೇಳಿ. 2021ರ ಲೆಜೆಂಡರಿ ಎಡಿಷನ್‌ನಲ್ಲಿ ಮೂರೂ ಭಾಗ ಒಟ್ಟಿಗೆ ಸಿಗುತ್ತವೆ. ಎರಡನೇ ಭಾಗದಲ್ಲಿ ತಂಡದ ಪ್ರತಿಯೊಬ್ಬರ ಲಾಯಲ್ಟಿ ಮಿಷನ್ (ಅವರ ನಿಷ್ಠೆ ಗಳಿಸುವ ಕಾರ್ಯಾಚರಣೆ) ಮುಗಿಸದೆ ಕೊನೆಯ ಕಾರ್ಯಾಚರಣೆಗೆ ಹೊರಡಬೇಡಿ.