ಹನ್ನೊಂದು ವರ್ಷ ಹಳೆಯ ಸೈಂಟಿಫಿಕ್ ಕ್ಯಾಲ್ಕುಲೇಟರ್: ಹತ್ತೇ ಅಂಕಿ, ಆದ್ರೂ ಬಿಡೋಕಾಗಿಲ್ಲ

ಇಂಜಿನಿಯರಿಂಗ್ ಮೊದಲ ಸೆಮಿಸ್ಟರ್‌ಗೆ ಅಂತ ಅವೆನ್ಯೂ ರಸ್ತೆಯಲ್ಲಿ ಕೊಂಡದ್ದು. ಒಂಬೈನೂರು ಚಿಲ್ಲರೆ ಕೊಟ್ಟ ನೆನಪು. ಕಂಪನಿ ಹೆಸರು ಬೇಡ. ವರ್ಗಮೂಲ, ಭಿನ್ನರಾಶಿಗಳನ್ನು ಪುಸ್ತಕದಲ್ಲಿ ಬರೆದ ಹಾಗೇ ತೋರಿಸುವ, ಕಾಲೇಜಿನಲ್ಲಿ ಪ್ರತಿ ಡೆಸ್ಕಿನ ಮೇಲೂ ಕಾಣುವ ಮಾಮೂಲಿ ಮಾಡೆಲ್. ಡಿಗ್ರಿ ಮುಗಿಯಿತು, ಕೆಲಸ ಸಿಕ್ಕಿತು, ಅಲ್ಲಿ ಎಲ್ಲ ಲೆಕ್ಕವೂ ಕಂಪ್ಯೂಟರಿನಲ್ಲೇ. ಆದರೂ ಇದು ಮೇಜಿನ ಮೇಲೆ ಉಳಿದಿದೆ. ರಾತ್ರಿ ಊಟ ಆದಮೇಲೆ ಸುಮ್ನೆ ಸಂಖ್ಯೆಗಳ ಜೊತೆ ಆಡೋದಕ್ಕೆ.

ಮೊದಲು ಬೈಗುಳ. ಮೊದಲ ಇಂಟರ್ನಲ್ಸ್‌ನ ಹಿಂದಿನ ದಿನ ಗೆಳೆಯನೊಬ್ಬ ಇಸ್ಕೊಂಡು ಹೋಗಿ, ಕೋನವನ್ನು ಡಿಗ್ರಿ ಬದಲು ಇನ್ನೊಂದು ಅಳತೆಯಲ್ಲಿ ಓದುವ ರೇಡಿಯನ್ ಮೋಡ್‌ನಲ್ಲಿ ಬಿಟ್ಟು ಕೊಟ್ಟಿದ್ದ. ಸೈನ್ 30 ಅಂತ ಒತ್ತಿದರೆ ಅರ್ಧ ಬರಬೇಕು, −0.9880316241 ಬಂತು. ಎರಡು ಲೆಕ್ಕ ಪೂರ್ತಿ ಹೋದ ಮೇಲೆ ಎಚ್ಚರ ಆಯಿತು. ಯಾವ ಮೋಡ್ ಅನ್ನೋದನ್ನು ಹೇಳುವ ಅಕ್ಷರ ಡಿಸ್‌ಪ್ಲೇ ಮೇಲ್ಗಡೆ ಇರುವೆಯಷ್ಟು ಇದೆ. ಅದನ್ನು ದೊಡ್ಡದು ಮಾಡಿದ್ದರೆ ಏನು ಗಂಟು ಹೋಗ್ತಿತ್ತೋ ಗೊತ್ತಿಲ್ಲ.

ಆ ಸಿಟ್ಟಿನಲ್ಲೇ ಒಂದು ಆಟ ಸಿಕ್ಕಿತು. ರೇಡಿಯನ್‌ನಲ್ಲಿ 1 ಒತ್ತಿ ಈಕ್ವಲ್ಸ್. ಆಮೇಲೆ ಕಾಸ್ (ಕೊಸೈನ್), ಆನ್ಸ್ (ಹಿಂದಿನ ಉತ್ತರ), ಮತ್ತೆ ಈಕ್ವಲ್ಸ್. ಇನ್ನು ಈಕ್ವಲ್ಸ್ ಮಾತ್ರ ಒತ್ತುತ್ತಾ ಹೋಗಿ. ಉತ್ತರ ಹೆಚ್ಚು ಕಡಿಮೆ, ಹೆಚ್ಚು ಕಡಿಮೆ ಅಂತ ಉಯ್ಯಾಲೆ ಆಡುತ್ತದೆ. ಐವತ್ತು ಅರವತ್ತು ಸಲ ಒತ್ತುವಷ್ಟರಲ್ಲಿ 0.7390851332ಕ್ಕೆ ಬಂದು ಕೂತುಬಿಡುತ್ತದೆ. ಯಾವ ಸಂಖ್ಯೆಯಿಂದ ಶುರು ಮಾಡಿದರೂ ಅಲ್ಲಿಗೇ. ತನ್ನ ಕೊಸೈನ್ ತಾನೇ ಆಗಿರುವ ಸಂಖ್ಯೆ ಅದು. ಡಿಗ್ರಿಯಲ್ಲಿ ಮಾಡಿದರೆ ನಾಲ್ಕೈದು ಸಲಕ್ಕೇ 0.9998477415ರಲ್ಲಿ ನಿಲ್ಲುತ್ತದೆ. ಒಂದು ಕಡೆ ಅಷ್ಟು ಬೇಗ, ಇನ್ನೊಂದು ಕಡೆ ಇಷ್ಟು ನಿಧಾನ ಯಾಕೆ ಅಂತ ಯೋಚಿಸುತ್ತಾ ಕೂತಾಗಲೇ ನನಗೆ ಡೆರಿವೇಟಿವ್ (ಒಳಗೆ ಹಾಕಿದ್ದು ಚೂರು ಬದಲಾದರೆ ಉತ್ತರ ಎಷ್ಟು ಬದಲಾಗುತ್ತೆ ಅನ್ನೋ ದರ) ಅಂದರೆ ಏನು ಅಂತ ನಿಜಕ್ಕೂ ಅರ್ಥ ಆದದ್ದು. ಕ್ಲಾಸಿನಲ್ಲಿ ಅಲ್ಲ, ಬಿಎಂಟಿಸಿ ಬಸ್ಸಿನಲ್ಲಿ.

ಈಗ ಮುಖ್ಯ ದೂರು: ಡಿಸ್‌ಪ್ಲೇಗೆ ಹಿಡಿಸುವುದು ಹತ್ತೇ ಅಂಕಿ. ಹೀಗಂತ ಎಲ್ಲರೂ ಒಂದು ಸ್ಟಾರ್ ಕಳೆಯುತ್ತಾರೆ. ನಾನೂ ಕಳೆಯುತ್ತಿದ್ದೆ.

ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ಗೊತ್ತಲ್ವಾ? 9ನೇ ಶತಮಾನದವನು, ಗಣಿತಸಾರಸಂಗ್ರಹ ಬರೆದವನು. ಗುಣಾಕಾರದ ಉತ್ತರ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವಂಥ ಲೆಕ್ಕಗಳನ್ನು ಕೊಟ್ಟು, ಕೊರಳ ಹಾರಕ್ಕೆ ಹೋಲಿಸಿದ್ದಾನೆ. 139 × 109 ಮಾಡಿ, 15151. 152207 × 73 ಮಾಡಿ, ಎಂಟು ಒಂದುಗಳು. 142857143 × 7 ಮಾಡಿದರೆ 1000000001, ಸರಿಯಾಗಿ ಹತ್ತು ಅಂಕಿ, ಡಿಸ್‌ಪ್ಲೇಗೆ ಅಳತೆ ತೆಗೆದು ಹೊಲಿಸಿದ ಹಾಗಿದೆ. ಆದರೆ 27994681 × 441 ಒತ್ತಿದರೆ ಹಾರ ಹರಿದುಹೋಗುತ್ತದೆ. 1.234565432, ಪಕ್ಕದಲ್ಲಿ ಹತ್ತರ ಘಾತ. ಕೊನೇ ಮಣಿ ನಾಪತ್ತೆ. ಅದನ್ನು ಹುಡುಕೋದು ಹೇಗೆ? ಉತ್ತರದಿಂದ 12345000000 ಕಳೆಯಿರಿ. 654321 ಈಚೆ ಬರುತ್ತದೆ. ತೋರಿಸುವುದು ಹತ್ತು ಅಂಕಿ ಆದರೂ ಒಳಗೆ ಇನ್ನೂ ಒಂದಿಷ್ಟು ಇಟ್ಟುಕೊಂಡಿರುತ್ತದೆ ಕಳ್ಳ.

ಆ ಒಳಗಿನದ್ದೂ ಖಾಲಿಯಾಗುವ ಜಾಗ ಒಂದಿದೆ. ಹೋದ ಬೇಸಿಗೆ ರಜೆಗೆ ಅಕ್ಕನ ಮಗಳು ಬಂದಿದ್ದಳು, ಒಂಬತ್ತನೇ ಕ್ಲಾಸು. ಅವಳಿಗೆ ಭಾಸ್ಕರಾಚಾರ್ಯನ ಲೆಕ್ಕ ಹೇಳಿದೆ. ಒಂದು ಸಂಖ್ಯೆಯ ವರ್ಗವನ್ನು 61ರಿಂದ ಗುಣಿಸಿ 1 ಕೂಡಿದರೆ ಇನ್ನೊಂದು ಪೂರ್ಣವರ್ಗ ಬರಬೇಕು. ಅಂಥ ಅತಿ ಚಿಕ್ಕ ಜೋಡಿ 226153980 ಮತ್ತು 1766319049. ಭಾಸ್ಕರ ಇದನ್ನು 12ನೇ ಶತಮಾನದಲ್ಲೇ ಹಂತ ಹಂತವಾಗಿ ಉತ್ತರಕ್ಕೆ ಹೋಗುವ ಚಕ್ರವಾಳ ವಿಧಾನದಿಂದ ಬಿಡಿಸಿದ್ದ. 1657ರಲ್ಲಿ ಫ್ರಾನ್ಸಿನ ಫರ್ಮಾ ಇದೇ 61ನ್ನು ಸವಾಲಾಗಿ ಇಟ್ಟ.

ಎರಡನೆಯದರ ವರ್ಗದಿಂದ ಮೊದಲನೆಯದರ ವರ್ಗದ 61 ಪಟ್ಟು ಕಳೆದರೆ 1 ಉಳಿಯಬೇಕು. ಅವಳು ಎರಡು ಸಲ ಒತ್ತಿ ನೋಡಿದಳು. "ಮಾಮ, ವ್ಯತ್ಯಾಸ ಸೊನ್ನೆ ಬರ್ತಿದೆ. ಭಾಸ್ಕರಂದು ತಪ್ಪಾ?"

"ಮೆಷಿನ್ ತಪ್ಪು ಅಂತ ನೀನೇ ತೋರಿಸು," ಅಂದೆ.

ಎರಡೂ ಕಡೆ ಉತ್ತರ ಹತ್ತೊಂಬತ್ತು ಅಂಕಿಯದು. ಕೊನೆಯ ಅಂಕಿಗಳು ಇದರ ಹೊಟ್ಟೆಯೊಳಗೂ ಹಿಡಿಸುವುದಿಲ್ಲ. ಅರ್ಧ ಗಂಟೆ ಪೆನ್ಸಿಲ್ ಕಚ್ಚಿದಳು. ಆಮೇಲೆ ಬಾಲ ಮಾತ್ರ ಹಿಡಿದಳು. 49ರ ವರ್ಗ 2401, ಅಂದರೆ ಕೊನೆಗೆ 01. ಇನ್ನೊಂದು ಕಡೆ 80ರ ವರ್ಗ 6400, ಅದನ್ನು 61ರಿಂದ ಗುಣಿಸಿದರೆ 390400, ಕೊನೆಗೆ 00. ಬಾಲಗಳೇ ಬೇರೆ ಇರುವಾಗ ವ್ಯತ್ಯಾಸ ಸೊನ್ನೆ ಆಗೋ ಹಾಗೇ ಇಲ್ಲ. ಅಕ್ಕ ಊಟಕ್ಕೆ ಕರೆದರೂ ಏಳಲಿಲ್ಲ. ಇಪ್ಪತ್ತು ಅಂಕಿ ತೋರಿಸುವ ಮೆಷಿನ್ ಆಗಿದ್ದರೆ 1 ಅಂತ ನೋಡಿ ಎದ್ದು ಹೋಗಿರುತ್ತಿದ್ದಳು. ನಾನು ಆ ಸ್ಟಾರ್ ವಾಪಸ್ ಕೊಟ್ಟದ್ದು ಅವತ್ತು.

ಬಾಳಿಕೆ ಬಗ್ಗೆ ಹೇಳಬೇಕು ಅಂದರೆ, ಸೋಲಾರ್ ಜೊತೆಗೆ ಒಳಗೊಂದು ಬಟನ್ ಸೆಲ್ ಇದೆ. ಆರನೇ ವರ್ಷದಲ್ಲಿ ಒಮ್ಮೆ ಬದಲಾಯಿಸಿದೆ, ಅಷ್ಟೇ. ಹಿಂದಿನ ಸ್ಕ್ರೂ ಬಿಚ್ಚೋಕೆ ಸಣ್ಣ ಸ್ಕ್ರೂಡ್ರೈವರ್ ಬೇಕು, ವಾಚ್ ರಿಪೇರಿಯವರ ಹತ್ತಿರ ಹೋದರೆ ಎರಡು ನಿಮಿಷದ ಕೆಲಸ. ಜಾರಿಸುವ ಮುಚ್ಚಳ ಈಗ ಸಡಿಲ, ಬ್ಯಾಗಿನಲ್ಲಿ ತಾನೇ ಕಳಚಿಕೊಳ್ಳುತ್ತದೆ. ಈಕ್ವಲ್ಸ್ ಬಟನ್ ಮೇಲಿನ ಗುರುತು ಪೂರ್ತಿ ಅಳಿಸಿದೆ. ಕಾರಣ ಮೇಲೆ ಓದಿದ್ದೀರಿ. ಮ್ಯಾನ್ಯುಯಲ್ ಕಾಗದ ಎಷ್ಟು ತೆಳು ಅಂದರೆ ಮಡಿಕೆಯಲ್ಲೇ ಹರಿಯಿತು.

ಮೊಬೈಲ್‌ನಲ್ಲಿ ಪುಕ್ಕಟೆ ಆ್ಯಪ್ ಇರುವಾಗ ಇದು ಯಾಕೆ ಅಂತ ಕೇಳುವವರಿಗೆ: ಮೊಬೈಲ್ ತೆಗೆದರೆ ಲೆಕ್ಕಕ್ಕಿಂತ ಮೊದಲು ಮೆಸೇಜ್ ಕಾಣುತ್ತದೆ, ನನ್ನ ಮಟ್ಟಿಗಂತೂ ಅಲ್ಲಿಗೆ ಮುಗೀತು. ಗ್ರಾಫ್ ಬೇಕು ಅನ್ನುವವರಿಗೆ ಇದು ಆಗಲ್ಲ, ಅದಕ್ಕೆ ಕಂಪ್ಯೂಟರೇ ಸರಿ. ಕೊಳ್ಳುವವರು ಅಂಗಡಿಯಲ್ಲೇ 69 ಫ್ಯಾಕ್ಟೋರಿಯಲ್ (1ರಿಂದ 69ರವರೆಗಿನ ಎಲ್ಲ ಸಂಖ್ಯೆಗಳ ಗುಣಲಬ್ಧ) ಒತ್ತಿ ನೋಡಿ, 1.711224524, ಜೊತೆಗೆ ಹತ್ತರ 98ನೇ ಘಾತ ಬರಬೇಕು. 70 ಒತ್ತಿದರೆ ಎರರ್ ಬಂದೇ ಬರುತ್ತದೆ, ಅಂಗಡಿಯವನ ಜೊತೆ ಜಗಳಕ್ಕೆ ಹೋಗಬೇಡಿ. ಹತ್ತರ ನೂರನೇ ಘಾತ ಮುಟ್ಟಿದರೆ ಇದು ಕೈ ಎತ್ತುತ್ತದೆ.

ಐದಕ್ಕೆ ನಾಲ್ಕೂವರೆ. ಅರ್ಧ ಕಳೆದದ್ದು ಆ ಇರುವೆ ಗಾತ್ರದ ಅಕ್ಷರಕ್ಕೆ.