ಐ-95, ವಿಲ್ಮಿಂಗ್ಟನ್‌ನಿಂದ ಬ್ರಿಸ್ಟಲ್‌ವರೆಗೆ: ನದಿಗಿಂತ ಕಾರ್ಖಾನೆ ಜಾಸ್ತಿ ಕಾಣುವ 50 ಮೈಲಿ

ಅಮೆರಿಕದ ಡೆಲವೇರ್ ರಾಜ್ಯದ ಕಡೆಯಿಂದ ನ್ಯೂಯಾರ್ಕ್‌ಗೆ ಹೊರಟವರಿಗೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ. ಡೆಲವೇರ್ ಮೆಮೋರಿಯಲ್ ಸೇತುವೆ ದಾಟಿ ನ್ಯೂಜೆರ್ಸಿ ಟರ್ನ್‌ಪೈಕ್ (ಟೋಲ್ ಹೆದ್ದಾರಿ) ಹಿಡಿದುಬಿಡು, ಫಿಲಡೆಲ್ಫಿಯಾ ಮೇಲೆ ಹೋಗಬೇಡ, ಅಲ್ಲಿ ಬರೀ ಟ್ರಾಫಿಕ್ಕು, ಬರೀ ಕಾರ್ಖಾನೆ. ಬೇಗ ಮುಟ್ಟಬೇಕು ಅನ್ನುವವರಿಗೆ ಈ ಸಲಹೆ ಸರಿ. ಆದರೆ ನಾನು ಆರು ವರ್ಷದಿಂದ ಕೆಲಸದ ಮೇಲೆ ವಾರಕ್ಕೆರಡು ಸಲವಾದರೂ ಫಿಲಡೆಲ್ಫಿಯಾ ಮೇಲೆ ಹೋಗುವ ಈ ಐ-95 ಹೆದ್ದಾರಿಯಲ್ಲೇ ಓಡಾಡುತ್ತಿದ್ದೇನೆ, ಮತ್ತು ಈಗ ಬೇರೆ ದಾರಿ ಇದ್ದರೂ ಇದನ್ನೇ ಹಿಡಿಯುತ್ತೇನೆ. ಅಪ್ಪ ಬಂದಿದ್ದಾಗಲೂ ಬೇಕೆಂದೇ ಇಲ್ಲೇ ಕರೆದುಕೊಂಡು ಹೋದೆ. ಅವರು ಮೂವತ್ತು ವರ್ಷ ಫಿಟ್ಟರ್ ಆಗಿದ್ದವರು. ಬೆಟ್ಟ, ಜಲಪಾತ ತೋರಿಸಿದಾಗ ಚೆನ್ನಾಗಿದೆ ಎಂದು ಸುಮ್ಮನಾಗಿದ್ದರು, ಇಲ್ಲಿ ಮಾತ್ರ ಕಿಟಕಿಯಿಂದ ಮುಖ ತೆಗೆಯಲೇ ಇಲ್ಲ.

ರಸ್ತೆಗೂ ವಿಮರ್ಶೆ ಬರೆಯುತ್ತಾರಾ ಅನ್ನಬೇಡಿ. ಹೋಟೆಲಿಗೆ ವರ್ಷಕ್ಕೆ ಒಂದು ಸಲ ಹೋದರೂ ಬರೆಯುತ್ತೇವೆ ಅಲ್ವಾ, ದಿನಾ ಓಡಾಡುವ ರಸ್ತೆಯ ಬಗ್ಗೆ ಯಾರೂ ಬರೆಯುವುದಿಲ್ಲ. ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು. ಒಂದು ಯಾಕೆ ಹೋಯಿತು ಅಂತ ಮುಂದೆ ಹೇಳುತ್ತೇನೆ.

ನದಿ ನೋಡುವ ಆಸೆಯಿಂದ ಬಂದರೆ ಬೇಜಾರಾಗುತ್ತದೆ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಡೆಲವೇರ್ ನದಿ ಉದ್ದಕ್ಕೂ ಜೊತೆಗೇ ಇದೆ, ಉತ್ತರಕ್ಕೆ ಹೋಗುವಾಗ ನಿಮ್ಮ ಬಲಗಡೆ, ಆದರೆ ನೀರು ಕಾಣುವುದು ಅಲ್ಲೊಂದು ಇಲ್ಲೊಂದು ಕಡೆ ಮಾತ್ರ. ಕಾಣುವುದು ಟ್ಯಾಂಕು, ಕ್ರೇನು, ಚಿಮಣಿ, ಹಳಿ, ಗೋದಾಮು, ಸೇತುವೆ. ಅದಕ್ಕೇ ಉತ್ತರಕ್ಕೆ ಹೋಗುವಾಗ ನೋಡುವ ಆಸೆ ಇರುವವರನ್ನು ಬಲಗಡೆ ಕೂರಿಸಿ. ಓಡಿಸುವವರು ರಸ್ತೆ ನೋಡಿದರೆ ಸಾಕು, ಇಲ್ಲಿ ಅದೇ ದೊಡ್ಡ ಕೆಲಸ.

ವಿಲ್ಮಿಂಗ್ಟನ್ ಹತ್ತಿರ ಬಂದಾಗ ಐ-95 ಬಿಟ್ಟು ಐ-495 ಹಿಡಿಯಿರಿ. ಹನ್ನೊಂದು ಮೈಲಿ ಚಿಲ್ಲರೆ ಉದ್ದ, ಊರೊಳಗೆ ಹೋಗುವುದಿಲ್ಲ, ನದಿಗೆ ಹತ್ತಿರ, ಕ್ಲೇಮಾಂಟ್ ದಾಟಿದ ಮೇಲೆ ಮತ್ತೆ ಐ-95ಕ್ಕೇ ಸೇರುತ್ತದೆ. ಕ್ರಿಸ್ಟಿನಾ ಹೊಳೆಯ ಮೇಲಿನ ಎತ್ತರದ ಸೇತುವೆ ಹತ್ತುವಾಗ ವಿಲ್ಮಿಂಗ್ಟನ್ ಬಂದರು ಕಾಣುತ್ತದೆ. ಈ ದೇಶಕ್ಕೆ ಬಾಳೆಹಣ್ಣು ಇಳಿಯುವ ದೊಡ್ಡ ಬಂದರುಗಳಲ್ಲಿ ಇದೂ ಒಂದು. ನಮ್ಮ ಮನೆಯ ಬಾಳೆಹಣ್ಣೂ ಇಲ್ಲೇ ಇಳಿದಿರಬಹುದು ಅಂದೆ. ಅಪ್ಪ ಕ್ರೇನು ಎಣಿಸತೊಡಗಿದರು.

ಈ ಸೇತುವೆಯದೇ ಒಂದು ಕಥೆ ಇದೆ. 2014ರ ಜೂನ್ 2ರಂದು ಇದನ್ನು ಇದ್ದಕ್ಕಿದ್ದಂತೆ ಮುಚ್ಚಿದರು. ನೋಡಿದರೆ ಕಂಬಗಳು ವಾಲಿದ್ದವು. ಪಕ್ಕದ ಜಾಗದಲ್ಲಿ ಯಾರೋ ಸುಮಾರು 50 ಸಾವಿರ ಟನ್ ಮಣ್ಣು ತಂದು ರಾಶಿ ಹಾಕಿದ್ದರು, ನದಿ ಬದಿಯ ಮೆತ್ತನೆ ನೆಲ ಆ ಭಾರ ತಾಳದೆ ಪಕ್ಕಕ್ಕೆ ಸರಿದು ಕಂಬಗಳನ್ನು ತಳ್ಳಿತ್ತು. ಎರಡೂ ಬದಿ ತೆರೆಯುವ ಹೊತ್ತಿಗೆ ಆಗಸ್ಟ್ ಬಂತು. ಮಣ್ಣು ಹಾಕಿದವರು ಸೇತುವೆಯನ್ನು ಮುಟ್ಟಿರಲೂ ಇಲ್ಲ. ಅಪ್ಪನಿಗೆ ಇದನ್ನು ಎರಡು ಸಲ ಹೇಳಬೇಕಾಯಿತು, ಮಣ್ಣಿನ ರಾಶಿಯಿಂದ ಹೈವೇ ವಾಲಿತು ಅನ್ನುವುದು ಅವರಿಗೆ ನಂಬಿಕೆ ಬರಲಿಲ್ಲ.

ಮುಂದೆ ಎಜ್‌ಮೂರ್. ಇಲ್ಲಿ ಬಣ್ಣ, ಕಾಗದ, ಪ್ಲಾಸ್ಟಿಕ್ಕಿಗೆ ಬಿಳುಪು ಕೊಡುವ ಟೈಟಾನಿಯಂ ಡೈಆಕ್ಸೈಡ್ ಮಾಡುತ್ತಿದ್ದರು, 2015ರಲ್ಲಿ ಮುಚ್ಚಿತು. ಕ್ಲೇಮಾಂಟ್‌ನ ಉಕ್ಕಿನ ಗಿರಣಿ ಅದಕ್ಕೂ ಮೊದಲು, 2013ರಲ್ಲೇ ನಿಂತಿತ್ತು. ಅಲ್ಲೀಗ ಹೊಸ ರೈಲು ನಿಲ್ದಾಣ ಬಂದಿದೆ. ಈ ಹನ್ನೊಂದು ಮೈಲಿಯಲ್ಲಿ ಮುಚ್ಚಿದ್ದು, ನಡೆಯುತ್ತಿರುವುದು, ಹೊಸದಾಗಿ ಬರುತ್ತಿರುವುದು ಮೂರೂ ಅಕ್ಕಪಕ್ಕ ಕಾಣುತ್ತವೆ.

ಪೆನ್ಸಿಲ್ವೇನಿಯಾ ಗಡಿ ದಾಟಿದ ತಕ್ಷಣ ಮಾರ್ಕಸ್ ಹುಕ್, ಟ್ರೇನರ್. ಹೈವೇ ಇಲ್ಲಿ ಸ್ವಲ್ಪ ಒಳಗಿದೆ, ಚಿಮಣಿಗಳು ದೂರದಲ್ಲಿ ಕಾಣುತ್ತವೆ. ಟ್ರೇನರ್ ರಿಫೈನರಿಯನ್ನು 2012ರಲ್ಲಿ ಡೆಲ್ಟಾ ಏರ್‌ಲೈನ್ಸ್ ಕೊಂಡುಕೊಂಡಿತು. ವಿಮಾನ ಕಂಪನಿಯೇ ರಿಫೈನರಿ ಇಟ್ಟುಕೊಳ್ಳುವುದು ಬೇರೆಲ್ಲೂ ಸುಲಭಕ್ಕೆ ಕಾಣಸಿಗುವುದಿಲ್ಲ. ಮುಸ್ಸಂಜೆ ಹೊತ್ತಿಗೆ ಬಂದರೆ ಇಲ್ಲಿನ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತಿರುತ್ತವೆ. ನನಗೆ ಈ ದಾರಿಯಲ್ಲಿ ಅತಿ ಇಷ್ಟದ ಹೊತ್ತು ಅದು.

ಆದರೆ ವಾಸನೆಯೂ ಇದೆ. ಗಾಳಿ ನದಿ ಕಡೆಯಿಂದ ಬೀಸುತ್ತಿದ್ದರೆ ನಾವು ಕಿಟಕಿ ಏರಿಸಿ, ಒಳಗಿನ ಗಾಳಿಯನ್ನೇ ತಿರುಗಿಸುವ ಬಟನ್ ಒತ್ತುತ್ತೇವೆ, ಎರಡು ನಿಮಿಷದಲ್ಲಿ ದಾಟುತ್ತೇವೆ. ಚೆಸ್ಟರ್ ಊರಿನ ಜನ ಅಲ್ಲೇ ಇರುತ್ತಾರೆ. ದೇಶದ ದೊಡ್ಡ ಕಸ ಸುಡುವ ಘಟಕಗಳಲ್ಲಿ ಒಂದು ಆ ಚಿಕ್ಕ ಊರಿನಲ್ಲಿದೆ, ಅಲ್ಲಿ ಸುಡುವ ಕಸದಲ್ಲಿ ಜಾಸ್ತಿ ಪಾಲು ಹೊರಗಿನದು. 1990ರ ದಶಕದಿಂದ ಅಲ್ಲಿನವರು ಇದರ ವಿರುದ್ಧ ಹೋರಾಡುತ್ತಿದ್ದಾರೆ. ಇದು ಗೊತ್ತಾದ ಮೇಲೆ ನನಗೆ ಆ ಕಿಟಕಿ ಏರಿಸುವಾಗ ಪ್ರತಿ ಸಲ ಕಸಿವಿಸಿ ಆಗುತ್ತದೆ. ಚೆಸ್ಟರ್‌ನಲ್ಲಿ ನದಿ ದಾಟುವ ಕೊಮೊಡೋರ್ ಬ್ಯಾರಿ ಸೇತುವೆ ಚೆನ್ನಾಗಿ ಕಾಣುತ್ತದೆ ಎಂದು ಫೋಟೋ ತೆಗೆಯುವಾಗ ಕೆಳಗಿನ ಊರೂ ನೆನಪಿರಲಿ.

ಚೆಸ್ಟರ್ ಆದಮೇಲೆ ಎಡಿಸ್ಟೋನ್. ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ. ಒಂದು ಕಾಲಕ್ಕೆ ಬಾಲ್ಡ್‌ವಿನ್ ಕಂಪನಿಯ ರೈಲು ಎಂಜಿನ್‌ಗಳು ಇಲ್ಲಿಂದ ಜಗತ್ತಿಗೆಲ್ಲ ಹೋಗುತ್ತಿದ್ದವು. ಅದರ ಪಕ್ಕದಲ್ಲೇ ರಿಡ್ಲಿ ಪಾರ್ಕ್, ಬೋಯಿಂಗ್‌ನ ಚಿನೂಕ್ ಹೆಲಿಕಾಪ್ಟರ್ ತಯಾರಾಗುವ ಜಾಗ. ಹೈವೇಯಿಂದಲೇ ಕಾಣುತ್ತದೆ.

ಇನ್ನು ಫಿಲಡೆಲ್ಫಿಯಾ ವಿಮಾನ ನಿಲ್ದಾಣ ಬರುವ ಮುಂಚೆ ದೃಶ್ಯ ಪೂರ್ತಿ ಬದಲಾಗುತ್ತದೆ. ಜೊಂಡು, ಜವುಗು, ಬಿಳಿ ಕೊಕ್ಕರೆ. ಇದು ಟಿನಿಕಮ್‌ನ ಜಾನ್ ಹೈಂಜ್ ವನ್ಯಧಾಮ, 1972ರಲ್ಲಿ ಉಳಿಸಿಕೊಂಡದ್ದು, ಸುಮಾರು ಸಾವಿರ ಎಕರೆ. ನದಿಯ ಉಬ್ಬರ ಇಳಿತಕ್ಕೆ ತುಂಬಿ ಖಾಲಿಯಾಗುವ ಸಿಹಿನೀರಿನ ಜವುಗು ಇದು, ಪೆನ್ಸಿಲ್ವೇನಿಯಾದಲ್ಲಿ ಉಳಿದಿರುವುದರಲ್ಲಿ ಅತಿ ದೊಡ್ಡದು. ಪಕ್ಕದಲ್ಲೇ ಹೈವೇ, ಅದರಾಚೆ ವಿಮಾನ ನಿಲ್ದಾಣ, ಇಲ್ಲಿ ಆಮೆಗಳು ಮರದ ಕೊರಡಿನ ಮೇಲೆ ಬಿಸಿಲು ಕಾಯುತ್ತಿರುತ್ತವೆ. ಒಂದು ಗಂಟೆ ಬಿಡುವಿದ್ದರೆ ಎಕ್ಸಿಟ್ ತೆಗೆದುಕೊಂಡು ಒಳಗೆ ನಡೆದು ಬನ್ನಿ.

ಆಮೇಲೆ ಗಿರಾರ್ಡ್ ಪಾಯಿಂಟ್ ಸೇತುವೆ. ಸ್ಕೂಕಿಲ್ ನದಿ ಡೆಲವೇರ್‌ಗೆ ಸೇರುವ ಹತ್ತಿರ ಎರಡು ಅಂತಸ್ತಿನ ಉಕ್ಕಿನ ಸೇತುವೆ ಇದು, ಒಂದು ದಿಕ್ಕಿನವರು ಮೇಲೆ, ಇನ್ನೊಂದು ದಿಕ್ಕಿನವರು ಕೆಳಗೆ. ಉತ್ತರಕ್ಕೆ ಹೋಗುವಾಗ ಎಡಗಡೆ ಕಾಣುವ ಬಯಲು ಒಂದು ಕಾಲದ ದೊಡ್ಡ ರಿಫೈನರಿ. ದಿನಕ್ಕೆ 3,35,000 ಬ್ಯಾರೆಲ್ ಕಚ್ಚಾ ಎಣ್ಣೆ ಸಂಸ್ಕರಿಸುವಷ್ಟು ದೊಡ್ಡದು. 2019ರ ಜೂನ್ 21ರ ಬೆಳಗಿನ ಜಾವ ಅಲ್ಲಿ ಒಂದು ಪೈಪಿನ ಬೆಂಡ್ ಒಡೆಯಿತು, ಬೆಂಕಿ ಹತ್ತಿತು, ಸ್ಫೋಟವಾಯಿತು. ತನಿಖೆ ಮಾಡಿದವರು ಕಂಡುಕೊಂಡದ್ದು ಇಷ್ಟು: ಆ ಬೆಂಡು 1970ರ ದಶಕದ್ದು, ಅದರ ಉಕ್ಕಿನಲ್ಲಿ ನಿಕಲ್, ತಾಮ್ರ ಜಾಸ್ತಿ ಇತ್ತು, ಹಾಗಾಗಿ ಅದು ಉಳಿದ ಪೈಪಿಗಿಂತ ಬೇಗ ಸವೆದಿತ್ತು. ಸುಮಾರು 38,000 ಪೌಂಡ್ ತೂಕದ ಒಂದು ತುಂಡು ಹಾರಿ ಸ್ಕೂಕಿಲ್ ನದಿಯ ಆಚೆ ದಡಕ್ಕೆ ಬಿದ್ದಿತ್ತು. ಸ್ಫೋಟದಲ್ಲಿ ಜೀವ ಹೋಗಲಿಲ್ಲ ಅನ್ನುವುದೇ ದೊಡ್ಡದು. ರಿಫೈನರಿ ಮತ್ತೆ ತೆರೆಯಲಿಲ್ಲ. ಸಾವಿರಕ್ಕೂ ಹೆಚ್ಚು ಜನರ ಕೆಲಸ ಹೋಯಿತು. ಈಗ ಟ್ಯಾಂಕು, ಗೋಪುರ ಎಲ್ಲ ಕಳಚಿ ಗೋದಾಮುಗಳನ್ನು ಕಟ್ಟುತ್ತಿದ್ದಾರೆ.

ಅಪ್ಪ ಇಲ್ಲಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಸವೆದಿದೆಯಾ ಅಂತ ಪೈಪಿಡೀ ಅಳೆಯಲ್ಲ ಕಣೋ, ಅಲ್ಲೊಂದು ಇಲ್ಲೊಂದು ಕಡೆ ಅಳೀತೀವಿ. ಸವೆದಿರೋದು ಅಳೆಯದೇ ಇರೋ ಜಾಗದಲ್ಲಿ ಇರತ್ತೆ" ಅಂದರು. ಅವರ ಕೆಲಸದ ಬಗ್ಗೆ ನಾನು ಅವರ ಬಾಯಿಂದ ಅಷ್ಟು ಕೇಳಿದ್ದು ಅದೇ ಮೊದಲು.

ಸೇತುವೆ ಇಳಿದರೆ ಹಳೆಯ ನೌಕಾನೆಲೆ, ಸ್ಟೇಡಿಯಂಗಳು, ವಾಲ್ಟ್ ವಿಟ್ಮನ್ ಸೇತುವೆ. ಆಟ ಇರುವ ದಿನ ಎಕ್ಸಿಟ್ 17ರ ಹತ್ತಿರ ಸುಳಿಯಬೇಡಿ, ಅರ್ಧ ಗಂಟೆ ಹೋಗಿಬಿಡುತ್ತದೆ. ನಗರದ ನಡುವೆ ಪೆನ್ಸ್ ಲ್ಯಾಂಡಿಂಗ್ ಹತ್ತಿರ ರಸ್ತೆ ತಗ್ಗಿನಲ್ಲಿ ಹೋಗುತ್ತದೆ, ಏನೂ ಕಾಣುವುದಿಲ್ಲ. ಈ ಹೈವೇ ಊರನ್ನೂ ನದಿಯನ್ನೂ ಬೇರೆ ಮಾಡಿತು ಅನ್ನುವ ದೂರು ಹಳೆಯದು, ಈಗ ಅದರ ಮೇಲೆ ಮುಚ್ಚಳದ ಹಾಗೆ 11.5 ಎಕರೆಯ ಉದ್ಯಾನ ಕಟ್ಟುತ್ತಿದ್ದಾರೆ.

ಒಂದು ಅಂಕ ಹೋದದ್ದು ಇಲ್ಲಿಂದ ಉತ್ತರಕ್ಕೆ. ಗಿರಾರ್ಡ್ ಅವೆನ್ಯೂದಿಂದ ಮುಂದಕ್ಕೆ ರಸ್ತೆಯನ್ನು ಮತ್ತೆ ಕಟ್ಟುವ ಕೆಲಸ ವರ್ಷಗಳಿಂದ ನಡೆಯುತ್ತಲೇ ಇದೆ. ಲೇನ್ ಇವತ್ತು ಇಲ್ಲಿದ್ದರೆ ಮುಂದಿನ ತಿಂಗಳು ಅಲ್ಲಿರುತ್ತದೆ. ಬದಿಯಲ್ಲಿ ನಿಲ್ಲಿಸಲು ಜಾಗವಿಲ್ಲ, ಎರಡೂ ಕಡೆ ಕಾಂಕ್ರೀಟ್ ಗೋಡೆ, ಹಿಂದೆ ದೊಡ್ಡ ಟ್ರಕ್. ರಾತ್ರಿ ಮಳೆಯಲ್ಲಿ ಹಳೆಯ ಬಿಳಿ ಗೆರೆ ಯಾವುದು, ಹೊಸದು ಯಾವುದು ತಿಳಿಯುವುದಿಲ್ಲ. ಒಂದು ಸಲ ಹೀಗೇ ಆಗಿ, ನಾನೂ ಪಕ್ಕದ ಕಾರಿನವರೂ ಒಂದೇ ಲೇನಿನಲ್ಲಿ ಅರ್ಧರ್ಧ ಇದ್ದೆವು, ಇಬ್ಬರೂ ನಿಧಾನ ಮಾಡಿದ್ದರಿಂದ ಬಚಾವಾದೆವು. ಹೊಸದಾಗಿ ಓಡಿಸಲು ಕಲಿತವರು ಮಳೆಯ ರಾತ್ರಿ ಇಲ್ಲಿಗೆ ಬರಬೇಡಿ. ವೇಗದ ಮಿತಿ 55 ಮೈಲಿ, ಯಾರೂ ಪಾಲಿಸುವುದಿಲ್ಲ, ನೀವು ಪಾಲಿಸಿ, ಬಲಗಡೆ ಲೇನಿನಲ್ಲಿರಿ.

ಆದರೂ ಆ ಅಗೆತದಿಂದ ಒಳ್ಳೆಯದೂ ಸಿಕ್ಕಿದೆ. ರಸ್ತೆ ಕೆಳಗೆ ಪುರಾತತ್ವದವರು ಅಗೆದಾಗ 19ನೇ ಶತಮಾನದ ಡಯಟ್‌ವಿಲ್ ಗಾಜಿನ ಕಾರ್ಖಾನೆಯ ತಳಪಾಯ, ಬಾಟಲಿ ಚೂರು ಎಲ್ಲ ಸಿಕ್ಕವು.

ಗಾಜಿನ ಮಾತು ಬಂದದ್ದು ಒಳ್ಳೆಯದಾಯಿತು. ಮುಂದೆ ಎಕ್ಸಿಟ್ 30, ಕಾಟ್‌ಮನ್ ಅವೆನ್ಯೂ. ಇಲ್ಲಿ ಎಕ್ಸಿಟ್ ನಂಬರ್ ಅಂದರೆ ಡೆಲವೇರ್ ಗಡಿಯಿಂದ ಎಷ್ಟು ಮೈಲಿ ಅಂತ, ಲೆಕ್ಕ ಹಾಕಲು ಸುಲಭ. 2023ರ ಜೂನ್ 11, ಭಾನುವಾರ ಬೆಳಿಗ್ಗೆ, ಸುಮಾರು 8,500 ಗ್ಯಾಲನ್ ಪೆಟ್ರೋಲ್ ತುಂಬಿದ ಟ್ಯಾಂಕರ್ ಈ ಎಕ್ಸಿಟ್ಟಿನ ತಿರುವಿನಲ್ಲಿ ಮಗುಚಿ ಹೈವೇ ಕೆಳಗೇ ಉರಿಯಿತು. ಚಾಲಕ ತೀರಿಕೊಂಡರು. ಬಿಸಿಗೆ ಉಕ್ಕಿನ ತೊಲೆಗಳು ಬಗ್ಗಿ ಉತ್ತರದ ಕಡೆಯ ಸೇತುವೆ ಕುಸಿಯಿತು, ದಕ್ಷಿಣದ್ದನ್ನೂ ಒಡೆಯಬೇಕಾಯಿತು. ದಿನಕ್ಕೆ ಸುಮಾರು 1,60,000 ವಾಹನ ಓಡಾಡುವ ಜಾಗ. ಸರಿಪಡಿಸಲು ತಿಂಗಳುಗಳೇ ಬೇಕು ಅಂತ ಮೊದಲು ಹೇಳಿದ್ದರು. ನಾವೆಲ್ಲ ಒಳಗಿನ ಬೀದಿಗಳಲ್ಲಿ ತೆವಳಿಕೊಂಡು ಹೋಗುತ್ತಿದ್ದೆವು.

ಹನ್ನೆರಡೇ ದಿನಕ್ಕೆ, ಜೂನ್ 23ಕ್ಕೆ, ಆರು ಲೇನ್ ತೆರೆಯಿತು. ಹೇಗೆ ಅಂದರೆ, ಸೇತುವೆ ಬಿದ್ದ ಹಳ್ಳವನ್ನೇ ತುಂಬಿಬಿಟ್ಟರು. ಮಣ್ಣಿನಿಂದ ಅಲ್ಲ, ಹಳೆಯ ಗಾಜಿನ ಬಾಟಲಿ ಪುಡಿ ಮಾಡಿ, ಕುಲುಮೆಯಲ್ಲಿ ಉಬ್ಬಿಸಿ ಮಾಡಿದ ಹಗುರ ಕಲ್ಲಿನಂಥ ತುಂಡುಗಳಿಂದ. ಮಣ್ಣಿಗಿಂತ ಎಷ್ಟೋ ಹಗುರ, ಹಾಗಾಗಿ ಕೆಳಗಿನ ನೆಲಕ್ಕೆ ಭಾರವಿಲ್ಲ. ಮಣ್ಣಿನ ರಾಶಿಯಿಂದ ವಾಲಿದ ವಿಲ್ಮಿಂಗ್ಟನ್ ಸೇತುವೆಯನ್ನು ಈಗ ನೆನಪಿಸಿಕೊಳ್ಳಿ. ಆ ಗಾಜಿನ ಕಲ್ಲು ಎಲ್ಲಿಂದ ಬಂತು ಗೊತ್ತಾ? ಎಡಿಸ್ಟೋನ್‌ನಿಂದ. ಇದೇ ರಸ್ತೆ, ಇದೇ ನದಿ ದಂಡೆ, ಇಪ್ಪತ್ತು ಚಿಲ್ಲರೆ ಮೈಲಿ ಹಿಂದೆ. ಕೊನೆಯಲ್ಲಿ ಮಳೆ ಬಂದು ಡಾಂಬರು ಹಾಕಲು ತೊಂದರೆಯಾದಾಗ ಪೋಕೊನೊ ರೇಸ್ ಟ್ರ್ಯಾಕಿನಿಂದ ಜೆಟ್ ಎಂಜಿನ್ ಇರುವ ಒಣಗಿಸುವ ಗಾಡಿ ತಂದು ರಸ್ತೆ ಒಣಗಿಸಿದರು. ಹಗಲು ರಾತ್ರಿ ನಡೆದ ಕೆಲಸವನ್ನು ಕ್ಯಾಮೆರಾ ಇಟ್ಟು ನೇರವಾಗಿ ತೋರಿಸುತ್ತಿದ್ದರು. ನಾನು ರಾತ್ರಿ ಊಟ ಮಾಡುತ್ತಾ ಅದನ್ನೇ ನೋಡುತ್ತಿದ್ದೆ.

ಅಪ್ಪನಿಗೆ ಆ ಜಾಗ ತೋರಿಸಬೇಕು ಅಂತ ತುಂಬಾ ಆಸೆ ಇತ್ತು. "ಇದೇ, ಇದೇ" ಅನ್ನುವಷ್ಟರಲ್ಲಿ ದಾಟಿಬಿಟ್ಟೆವು. "ಇನ್ನೊಂದು ಸಲ ಹೋಗೋಣವಾ?" ಅಂದರು. ಮುಂದಿನ ಎಕ್ಸಿಟ್ಟಿನಲ್ಲಿ ಇಳಿದು, ತಿರುಗಿಸಿಕೊಂಡು, ಈ ಸಲ ಹೈವೇ ಬಿಟ್ಟು ಕೆಳಗಿನ ಬೀದಿಯಲ್ಲಿ ಹೋದೆವು. ಅಪ್ಪ ಇಳಿದು ತಲೆಯೆತ್ತಿ ನೋಡುತ್ತಾ ನಿಂತರು. ಮೇಲೆ ಟ್ರಕ್ಕುಗಳು ಹೋಗುತ್ತಲೇ ಇದ್ದವು.

ಮುಂದೆ ಹೋಗುವವರಿಗೆ ಒಂದು ಮಾತು. ಬ್ರಿಸ್ಟಲ್ ಹತ್ತಿರ ಬೋರ್ಡು ಸರಿಯಾಗಿ ಓದಿ. 2018ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ಪೆನ್ಸಿಲ್ವೇನಿಯಾ ಟರ್ನ್‌ಪೈಕ್‌ಗೆ ಜೋಡಣೆ ತೆರೆದ ಮೇಲೆ ಐ-95 ಅದರ ಮೇಲೆ ಹೋಗಿ ನದಿ ದಾಟುತ್ತದೆ, ನೇರ ಹೋಗುವ ರಸ್ತೆ ಐ-295 ಆಗುತ್ತದೆ. ನಾವು ಮಾತಿನಲ್ಲಿ ಮೈಮರೆತು ನೇರ ಹೋಗಿಬಿಟ್ಟೆವು. ಅದೂ ಸ್ಕಡರ್ ಫಾಲ್ಸ್ ಹತ್ತಿರ ಇದೇ ನದಿಯನ್ನು ದಾಟುತ್ತದೆ. ಅಲ್ಲಿ ದಂಡೆಯಲ್ಲಿ ಬರೀ ಮರಗಳು. ಅಪ್ಪ ಸೀಟು ಹಿಂದಕ್ಕೆ ಮಾಡಿಕೊಂಡು ನಿದ್ದೆ ಹೋದರು.