649 ರೂಪಾಯಿಯ ಸರ್ವೈವಲ್ ಕಿಟ್: ಉಳಿದದ್ದು ಡಬ್ಬಿ, ದಿಕ್ಸೂಚಿ

ದಸರಾ ರಜೆಗೆ ಸಾಗರದ ಹತ್ತಿರದ ಅಜ್ಜಿ ಮನೆಗೆ ಹೊರಟಿದ್ದೆವು. ಮಗನಿಗೆ ಒಂಬತ್ತು ವರ್ಷ. ಅಲ್ಲಿಗೆ ಹೋದರೆ ಅಡಿಕೆ ತೋಟ, ಹಿಂದಿನ ಗುಡ್ಡ ಅಂತ ಊಟದ ಹೊತ್ತಿನವರೆಗೂ ಕೈಗೆ ಸಿಗುವುದಿಲ್ಲ. ಜೇಬಲ್ಲಿ ಏನಾದರೂ ಇರಲಿ ಅಂತ ಆನ್‌ಲೈನ್‌ನಲ್ಲಿ ಮಕ್ಕಳ ಸರ್ವೈವಲ್ ಕಿಟ್ ತರಿಸಿದೆ. 649 ರೂಪಾಯಿ.

ತಗಡಿನ ಡಬ್ಬಿ ಚೆನ್ನಾಗಿದೆ, ಚಡ್ಡಿ ಜೇಬಿಗೆ ಸರಿಯಾಗಿ ಕೂರುತ್ತದೆ. ಒಳಗೆ ತಂತಿಯ ಗರಗಸ, ಮೀನಿನ ಗಾಳ, ಬೆಂಕಿ ಕಿಡಿ ಹಾರಿಸುವ ಕಡ್ಡಿ, ಕಾರ್ಡಿನಂಥ ಬ್ಲೇಡು. ಒಂಬತ್ತು ವರ್ಷದವನು ಯಾವ ಯುದ್ಧಕ್ಕೆ ಹೊರಟಿದ್ದಾನೆ? ಎಲ್ಲ ತೆಗೆದು ಅಟ್ಟದ ಮೇಲಿಟ್ಟೆ.

ದಿಕ್ಸೂಚಿಯದು ದೊಡ್ಡ ತಮಾಷೆ. ಅದನ್ನು ಡಬ್ಬಿಯ ಮುಚ್ಚಳಕ್ಕೇ ಅಂಟಿಸಿದ್ದಾರೆ. ಬೆಳಿಗ್ಗೆ ಅಂಗಳದಲ್ಲಿ ನೋಡಿದರೆ ಸೂರ್ಯ ಉತ್ತರದಲ್ಲಿ ಹುಟ್ಟಿದ್ದ! ಸ್ಕ್ರೂಡ್ರೈವರಿನಿಂದ ಎಬ್ಬಿಸಿ ಮರದ ಬೆಂಚಿನ ಮೇಲಿಟ್ಟೆ, ಮುಳ್ಳು ಸರಿಯಾಯಿತು. ಕಬ್ಬಿಣದ ತಗಡು ಮುಳ್ಳನ್ನು ಎಳೆಯುತ್ತದೆ ಅನ್ನುವುದು ಇದನ್ನು ಮಾಡಿದವರಿಗೆ ಹೊಳೆಯಲಿಲ್ಲವಾ?

ಟಾರ್ಚ್ ಬಗ್ಗೆ ಮಾತ್ರ ನನಗೆ ನಿಜಕ್ಕೂ ಸಿಟ್ಟಿದೆ. ಒಳಗೆ ಎರಡು ಬಟನ್ ಸೆಲ್. ಮುಚ್ಚಳಕ್ಕೆ ಸ್ಕ್ರೂ ಇಲ್ಲ, ಉಗುರು ಹಾಕಿದರೆ ತೆರೆಯುತ್ತದೆ. ಮನೆಯಲ್ಲಿ ತಂಗಿಯ ಎರಡು ವರ್ಷದ ಮಗಳಿದ್ದಾಳೆ. ಅಂಥ ಸೆಲ್ ನುಂಗಿ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ಆವತ್ತೇ ಬಿಸಾಕಿದೆ.

ಇನ್ನು ಸೀಟಿ. ಕಿಟ್‌ನಲ್ಲಿ ಬಂದ ಕೈಪಟ್ಟಿಯ ಬಕಲಿನಲ್ಲೇ ಇದೆ. ಅವನು ತೋಟದ ತುದಿಯಲ್ಲಿ ಊದಿದ, ಬಾವಿಕಟ್ಟೆ ಹತ್ತಿರ ನಿಂತ ನನಗೆ ಏನೂ ಕೇಳಲಿಲ್ಲ. ಸಾಗರ ಪೇಟೆಯಲ್ಲಿ 40 ರೂಪಾಯಿಗೆ ಪಿ.ಟಿ. ಮೇಷ್ಟ್ರು ಊದುವಂಥದ್ದು ತಂದೆ. ಮೊದಲ ಊದಿಗೇ ನಾಯಿ ಬೊಗಳಿತು, ಆಚೆ ಮನೆಯವರು ಏನಾಯ್ತು ಅಂತ ಕೇಳಿಕೊಂಡು ಬಂದರು. ಸೀಟಿ ಅಂದ್ರೆ ಹಾಗಿರಬೇಕು.

ಈಗ ಡಬ್ಬಿಯಲ್ಲಿರುವುದು ನಾವೇ ತುಂಬಿಸಿದ್ದು. ನಾಲ್ಕು ಬ್ಯಾಂಡ್‌ಏಡ್, 200 ಎಂಎಲ್ ನೀರಿಗೆ ಹಾಕುವ ಓಆರ್‌ಎಸ್ ಪುಟ್ಟ ಪೊಟ್ಟಣ, ಮಡಚಿದ ಕಿತ್ತಳೆ ಬಣ್ಣದ ದೊಡ್ಡ ಪ್ಲಾಸ್ಟಿಕ್ ಚೀಲ. ಮಳೆ ಬಂದರೆ ಚೀಲವನ್ನು ತಲೆ ಮೇಲಿಂದ ಹಾಕಿಕೊಳ್ಳಬೇಕು, ಮುಖಕ್ಕೆ ಮೊದಲೇ ದೊಡ್ಡ ತೂತು ಕತ್ತರಿಸಿಟ್ಟಿದ್ದೇನೆ. ಒಂದು ಚೀಟಿಯಲ್ಲಿ ಮನೆ ಫೋನ್ ನಂಬರು, ತುರ್ತು ಸಹಾಯದ 112. ಪೆನ್ಸಿಲಿನಲ್ಲೇ ಬರೆದದ್ದು, ಒದ್ದೆಯಾದರೂ ಹರಡುವುದಿಲ್ಲ. ಶೇಂಗಾ ಚಿಕ್ಕಿಯನ್ನೂ ಇಟ್ಟಿದ್ದೆ. ಮರುದಿನವೇ ಇರುವೆ ಮೆರವಣಿಗೆ, ತೆಗೆದೆ.

ಅಜ್ಜಿ ಎಲ್ಲ ನೋಡಿ, "ಇಂಬಳಕ್ಕೆ ಏನಿಟ್ಟಿದೀಯ?" ಅಂದರು. ರಕ್ತ ಹೀರುವ ಆ ಜಿಗಣೆಗೆ ಏನೂ ಇರಲಿಲ್ಲ. ಹಳೇ ಪಂಚೆಯ ತುಂಡಿನಲ್ಲಿ ಉಪ್ಪಿನ ಗಂಟು ಕಟ್ಟಿಕೊಟ್ಟರು. ಉಪ್ಪು ನೀರೊಡೆದು ತಗಡಿಗೆ ತುಕ್ಕು ಹಿಡಿಯುತ್ತದೆ, ಅದಕ್ಕೇ ಬೇರೆ ಪ್ಲಾಸ್ಟಿಕ್ ಕವರು.

ಕಿಟ್‌ಗೆ ಐದಕ್ಕೆ ಎರಡು ಸ್ಟಾರ್, ಡಬ್ಬಿಗೊಂದು, ಮುಚ್ಚಳದಿಂದ ಬಿಡುಗಡೆಯಾದ ದಿಕ್ಸೂಚಿಗೊಂದು.

ಮಗನಿಗೆ ಹೇಳಿದ್ದು ಒಂದೇ: ದಾರಿ ತಪ್ಪಿತು ಅನಿಸಿದರೆ ಎಲ್ಲೂ ಹೋಗಬೇಡ, ಅಲ್ಲೇ ಕೂತು ಮೂರು ಸಲ ಊದು. ನಾಲ್ಕನೇ ದಿನ ತೋಟದ ಕೆಳಗಿನಿಂದ ಮೂರು ಸಲ ಸೀಟಿ ಕೇಳಿತು. ಚಪ್ಪಲಿಯಿಲ್ಲದೆ ಓಡಿದೆ. ಕಾಲಿಗೆ ಇಂಬಳ ಹತ್ತಿಸಿಕೊಂಡು ಕೂತಿದ್ದ, ಕೈಯಲ್ಲಿ ಉಪ್ಪಿನ ಗಂಟು. "ಅಮ್ಮಾ, ಅಜ್ಜಿ ಕಟ್ಟಿದ್ದು ಬಿಚ್ಚೋಕೇ ಬರ್ತಿಲ್ಲ." ಗಂಟನ್ನು ಬಿಚ್ಚಬಾರದು, ಒದ್ದೆ ಮಾಡಿ ಹಾಗೇ ಒತ್ತಬೇಕು ಅಂತ ನಾವ್ಯಾರೂ ಅವನಿಗೆ ಹೇಳಿರಲೇ ಇಲ್ಲ.